ಮದ್ದೂರಿಗೆ ಹೊರಟ ರಂಜಿನಿ

ರಂಜಿನಿ ಮದುವೆಯಾಗಿ ಬಂದ ಮನೆ ಚಾಮರಾಜನಗರದ ಹೊರಗಿನ ಹೊಸ ಬಡಾವಣೆಯಲ್ಲಿತ್ತು. ಅಲ್ಲಿನ ಮನೆಗಳೆಲ್ಲ ಒಂದೇ ಅಚ್ಚಿನಲ್ಲಿ ಹೊಯ್ದಂತಿದ್ದವು. ಗಂಡ ಸುಧಾಕರ್ ಬಿತ್ತನೆ ಬೀಜದ ಕಂಪನಿಯೊಂದರ ಆಫೀಸಿನಲ್ಲಿದ್ದ. ಕುಡಿತವಿಲ್ಲ, ಹೊಡೆತ ಬಡಿತವಿಲ್ಲ. ಇಂಥ ಗಂಡ ಸಿಕ್ಕಿದ್ದು ಅವಳ ಪುಣ್ಯವೆಂದು ಹರವೆಯ ತವರಿನವರು ಹೇಳುತ್ತಿದ್ದರು. ಆದರೆ ಅವಳ ಯಾವ ಮಾತೂ ಅವನ ಕಿವಿ ದಾಟಿ ಒಳಗಿಳಿಯುತ್ತಿರಲಿಲ್ಲ. ಅವಳು ಡಿ.ಫಾರ್ಮ ಓದಿದವಳು. ಆ ಓದು ಅತ್ತೆಯ ಬಿ.ಪಿ. ಮಾತ್ರೆ ತೆಗೆದುಕೊಡುವುದಕ್ಕಷ್ಟೇ ಬಳಕೆಯಾಗುತ್ತಿತ್ತು.

ಒಂದು ಬೇಸಿಗೆಯಲ್ಲಿ ಮ್ಯಾನೇಜರನ ಕಾಟಕ್ಕೆ ರೋಸಿ ಸುಧಾಕರನೇ ಅಂದಿದ್ದ: “ಈ ಕೆಲ್ಸ ಬುಟ್ಟಾಕ್ಬುಡನ. ಮದ್ದೂರಿಗೆ ಹೋಗನ. ನೀನು ಮೆಡಿಕಲ್ ಅಂಗ್ಡಿ ಹಾಕು, ನಾನು ಪಕ್ಕದಲ್ಲೇ ಗೊಬ್ಬರ ಮಾರ್ತೀನಿ.”

ಗುಂಡ್ಲುಪೇಟೆಯಾಚೆ ಕೇರಳದ ದಾರಿಯಲ್ಲಿ, ಕಾಡಂಚಿನ ಆ ಪುಟ್ಟ ಮದ್ದೂರಿನಲ್ಲಿ ಅವಳ ಚಿಕ್ಕವ್ವ ಮಲ್ಲಮ್ಮ ಇದ್ದಳು. ಜ್ವರ ಬಂದರೂ ಮಾತ್ರೆಗಾಗಿ ಗುಂಡ್ಲುಪೇಟೆಗೆ ಬಸ್ಸು ಹತ್ತಬೇಕೆಂದು ಅವಳು ಬಂದಾಗೆಲ್ಲ ಗೊಣಗುತ್ತಿದ್ದಳು. ಅಂಗಡಿಯ ಲೆಕ್ಕ ಹಾಕುತ್ತ ಕೆಲವು ತಿಂಗಳು ಗಂಡ ಹೆಂಡತಿ ಎಂದೂ ಮಾತಾಡದಷ್ಟು ಮಾತಾಡಿದರು, ನಕ್ಕರು. ಆಮೇಲೆ ಅವನಿಗೆ ಬಡ್ತಿ ಬಂತು. ಮೈಸೂರು ಪಾಕಿನ ಡಬ್ಬ ಹಿಡಿದು ಬಂದವನು, “ಇನ್ನು ಆ ಕಾಡಿಗ್ಯಾಕೆ ಹೋಗದು?” ಎಂದ. ಅವಳನ್ನು ಕೇಳಲಿಲ್ಲ, ತೀರ್ಮಾನ ತಿಳಿಸಿದ.

ಒಂದು ಭಾನುವಾರ ಮಧ್ಯಾಹ್ನ ಇಬ್ಬರೂ ಟಿ.ವಿ.ಯಲ್ಲಿ ಹಳೆಯ ಕಾಲದ ಅಮೆರಿಕದ ಕಥೆಯ ಸಿನಿಮಾವೊಂದನ್ನು ನೋಡುತ್ತಿದ್ದರು. ಸಾಲು ಸಾಲು ಮನೆಗಳು, ಮುಂದೆ ಒಪ್ಪವಾಗಿ ಕತ್ತರಿಸಿದ ಹುಲ್ಲು. ಗಂಡ ಹ್ಯಾಟು ಹಾಕಿಕೊಂಡು ಕೆಲಸಕ್ಕೆ ಹೋಗುತ್ತಾನೆ, ಹೆಂಡತಿ ಅಡುಗೆಮನೆಯ ಕಿಟಕಿಯಲ್ಲಿ ನಿಂತೇ ಒಣಗುತ್ತಾಳೆ. ಇಲ್ಲಿಂದ ಬೇರೆಡೆ ಹೋಗಿ ಹೊಸದಾಗಿ ಬದುಕೋಣ ಎನ್ನುತ್ತಾಳೆ, ಅವನು ಕಿವಿಗೊಡುವುದಿಲ್ಲ. ಇಬ್ಬರೂ ಕಿರುಚಾಡುತ್ತಾರೆ, ಕೊನೆಗೆ ಮಾತೇ ನಿಂತುಹೋಗುತ್ತದೆ.

“ಕಾರಿದೆ, ಬಂಗ್ಲೆ ಇದೆ. ಏನು ಕಮ್ಮಿಯಾಗಿತ್ತು ಇವ್ಳಿಗೆ?” ಎಂದ ಸುಧಾಕರ್.

“ಅವ್ಳು ಏನು ಕೇಳ್ತಿದ್ಲು ಅಂತ ಗೊತ್ತಾಯ್ತೇನ್ರೀ?”

“ಏನೋ ಕೇಳ್ತಿದ್ಲಪ್ಪ. ಟೀ ಮಾಡು, ಹೋಗು.”

ಪೂರ್ತಿ ಸಿನಿಮಾ ಕಣ್ಣು ಬಿಟ್ಟು ನೋಡಿದವನಿಗೆ ಅದೊಂದು ಗೊತ್ತಾಗಿರಲಿಲ್ಲ. ರಂಜಿನಿ ಎದ್ದು ಟೀ ಮಾಡಿದಳು. ಲೋಟವನ್ನು ಅವನ ಮುಂದಿಟ್ಟು, “ನಾನು ಮದ್ದೂರಿಗೆ ಹೋಯ್ತೀನಿ. ಅಂಗ್ಡಿ ಹಾಕ್ತೀನಿ. ನೀವೂ ಬಂದ್ರೆ ಸಂತೋಷ,” ಎಂದಳು. ಅವನು ನಕ್ಕ. ಅವಳು ನಗಲಿಲ್ಲ.

ವಾರದೊಳಗೆ ಅವಳು ಹರವೆಯಲ್ಲಿದ್ದಳು. ಅಪ್ಪ ಕರಿಬಸವಯ್ಯ ತಲೆ ಮೇಲೆ ಕೈ ಹೊತ್ತು ಕೂತ. “ಜನ ಏನಂದಾರು ಮಗ?”

“ಅನ್ನಲಿ ಬುಡಪ್ಪ. ಆ ಮನೇಲಿ ಉಸಿರು ಕಟ್ಟೋದು ನಂಗೆ, ಜನಕ್ಕಲ್ಲ.”

ಅಪ್ಪ ಜೇಬಿನಿಂದ ಮೊಬೈಲು ತೆಗೆದು, “ನಿಮ್ಮ ಚಿಕ್ಕವ್ವಂಗೆ ಫೋನ್ ಮಾಡ್ತೀನಿ,” ಎಂದ.

ಮೊದಲು ಗುಂಡ್ಲುಪೇಟೆಯ ಒಂದು ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ನಿಂತಳು. ಕೇರಳದ ಗಿರಾಕಿಗಳಿಂದ ಮಲಯಾಳಂ ಕಲಿತಳು. ಲೈಸೆನ್ಸಿಗಾಗಿ ಚಪ್ಪಲಿ ಸವೆಸಿದಳು. “ಗಂಡನ ಸಹಿ ಇಲ್ವಾ?” ಎಂದು ಕೇಳಿದ ಮಧ್ಯವರ್ತಿಗೆ, “ಓದಿರೋಳು ನಾನು, ಸಹಿನೂ ನಂದೇ,” ಎಂದಳು. ಮರುವರ್ಷ ಚಿಕ್ಕವ್ವನ ಮನೆಯ ಮುಂದಿನ ಕೋಣೆಯಲ್ಲಿ ಅಂಗಡಿ ತೆರೆಯಿತು.

ದಸರಾ ಕಳೆದ ಮೇಲೆ ಸುಧಾಕರ್ ಬಂದ. ಕೌಂಟರಿನ ಹೊರಗೇ ನಿಂತು ಕಪಾಟುಗಳನ್ನು ನೋಡಿದ.

“ಸಾಕು ಬಾ ರಂಜು, ಹೋಗನ. ಅವ್ವಂಗೂ ಕೈಲಾಗಲ್ಲ.”

“ನಂಗೋಸ್ಕರ ಬಂದ್ರಾ?”

“ಅವ್ವಂಗೆ ಮಾತ್ರೆ ತೆಕ್ಕೊಡೋರಿಲ್ಲ,” ಎಂದ ಅವನು. ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಅದಕ್ಕೇ ಅವಳಿಗೆ ಅವನ ಮೇಲಿದ್ದ ಕೋಪ ಇಳಿಯಿತು, ಆಸೆಯೂ ಹೋಯಿತು. ಊಟ ಬಡಿಸಿ ಕಳಿಸಿಕೊಟ್ಟಳು. ಮುಂದೆ ಇಬ್ಬರೂ ಒಪ್ಪಿಯೇ ಚಾಮರಾಜನಗರದ ಕೋರ್ಟಿನಲ್ಲಿ ಬೇರೆಯಾದರು.

ಕೋರ್ಟು ಮುಗಿಸಿ ಬಂದ ಸಂಜೆ ಮಲ್ಲಮ್ಮ, “ಇವತ್ತಾದ್ರೂ ಅಂಗ್ಡಿ ಮುಚ್ಚಿ ಮನಿಕೊ ಕಣಮ್ಮಿ,” ಎಂದಳು. ಹೊರಗೆ ಕೂಸಿಗೆ ಕೆಮ್ಮೆಂದು ಒಬ್ಬ ತಾಯಿ ಕಾದು ನಿಂತಿದ್ದಳು. ರಂಜಿನಿ ಮುಖ ತೊಳೆದು, ಶಟರ್ ಎತ್ತಿ ಕೇಳಿದಳು: “ಎಷ್ಟು ದಿನದಿಂದವ್ವ? ಡಾಕ್ಟ್ರ ಚೀಟಿ ತಂದಿದ್ದೀಯಾ?”