ಕೂಗಿ ಹೇಳುವ ಗುಟ್ಟು

ನಿಟ್ಟೂರಿನ ರೇವಮ್ಮನಿಗೆ ಗೊತ್ತಿಲ್ಲದ ಸುದ್ದಿ ಆ ಊರಲ್ಲಿ ನಡೆದೇ ಇಲ್ಲ ಎನ್ನುವ ಕಾಲವೊಂದಿತ್ತು. ಹುಣಸೆಹಣ್ಣಿನ ಬೀಜ ಬಿಡಿಸಲು ಹೆಂಗಸರು ಅವಳ ಅಂಗಳದಲ್ಲೇ ಸೇರುತ್ತಿದ್ದರು. ಕೈ ಹುಣಸೆಯಲ್ಲಿ, ಬಾಯಿ ಊರವರ ಮನೆಯಲ್ಲಿ. ಅದೂ ಎಂಥ ಮಾತು! "ಯಾರ್ಗೂ ಹೇಳ್ಬ್ಯಾಡ ಕಣೇ" ಎಂದು ಶುರುವಾಗಿ ಸಂಜೆಯೊಳಗೆ ಊರಿಗೆಲ್ಲ ತಲುಪುವಂಥದ್ದು.

ಅರವತ್ತು ದಾಟುತ್ತಲೇ, ಹಾಳಾದ್ದು, ಕಿವಿ ಕೈಕೊಟ್ಟಿತು. ತುಮಕೂರಿಗೆ ಹೋಗಿ ಮೆಷಿನ್ ಹಾಕಿಸಿದರೆ ಅದು ಗುಂಯ್ ಎನ್ನುವುದು ಬಿಟ್ಟು ಬೇರೇನೂ ಹೇಳಲಿಲ್ಲ. ಮನೆಯವರು ಒಳ್ಳೆಯವರೇ. "ಊಟ!" "ಮಾತ್ರೆ!" ಎಂದು ಕೂಗಿ ಹೇಳುತ್ತಿದ್ದರು. ಆದರೆ ಪಕ್ಕದ ಮನೆಯ ಗುಟ್ಟನ್ನು ಕೂಗಿ ಹೇಳಲಾದೀತೇ? ಗುಸುಗುಸು ಎಂಬ ಪದವೇ ಪಿಸುದನಿಯಲ್ಲಿ ಹುಟ್ಟಿದ್ದು. ಅಂಗಳದಲ್ಲಿ ಎಲ್ಲರೂ ನಕ್ಕಾಗ ರೇವಮ್ಮ "ಏನ್ರೇ ಅದು?" ಎಂದರೆ, ಏನಿಲ್ಲ ಎಂದು ಕೈಯಾಡಿಸಿಬಿಡುವರು. ತಾನು ಬದುಕಿರುವಾಗಲೇ ಊರು ತನ್ನನ್ನು ಬಿಟ್ಟು ಮುಂದೆ ಹೋಯಿತಲ್ಲ ಎಂದು ಅವಳಿಗೆ ಸಂಕಟ. ಒಂದೇ ಒಂದು ಸುದ್ದಿಗಾಗಿ ಜೀವ ಹಾತೊರೆಯುತ್ತಿತ್ತು.

ಅವಳ ಹಳೇ ಗೆಳತಿ ತಾಜುನ್ನೀಸಾ, ಟಿವಿಎಸ್ ಮೇಲೆ ಊರೂರು ಸುತ್ತಿ ಬಳೆ ಮಾರುವವಳು. ಒಂದು ಭಾನುವಾರ ಜಗಲಿಯಲ್ಲಿ ಕೂತು, "ಊರ್ ಸುದ್ದಿ ಇಲ್ದೆ ಇವ್ಳು ಸೊರಗೋದ್ಲು ಕಣಮ್ಮಾ" ಎಂದು ರೇವಮ್ಮನ ಸೊಸೆಯ ಹತ್ತಿರ ಪೇಚಾಡಿದಳು.

ಸೊಸೆ ಅಕ್ಷತಾ ಗುಬ್ಬಿಯ ಶಾಲೆಯಲ್ಲಿ ಇಂಗ್ಲಿಷ್ ಮೇಡಂ. "ಗಾಸಿಪ್ ಅಂತಾರಲ್ಲ ಆಂಟಿ, ಇಂಗ್ಲಿಷ್‌ನೋರು ಮೊದ್ಲು ಹಂಗೆ ಕರೀತಿದ್ದಿದ್ದು ಮಗೂಗ್ ಹೆಸ್ರಿಡೋವಾಗ ದೇವ್ರ ಸಾಕ್ಷಿಯಾಗಿ ನೆಂಟರಾದೋರ್ನ. ಆಮೇಲೆ ಹೆರಿಗೇಲಿ ಜೊತೆಗ್ ಕೂರೋ ಗೆಳತೀರ್ನ. ಹರಟೆ ಅನ್ನೋ ಅರ್ಥ ಕೊನೇಗ್ ಬಂದಿದ್ದು" ಎಂದಳು.

ಅಕ್ಷತಾಳ ಗಂಡ ಹುಟ್ಟುವಾಗ ರೇವಮ್ಮನ ಕೈ ಬಿಡದೆ ಹಿಡಿದು ಕೂತಿದ್ದವಳು ತಾಜುನ್ನೀಸಾಳೇ. ಎದ್ದವಳೇ ಗೆಳತಿಯನ್ನು ಟಿವಿಎಸ್ ಹಿಂದೆ ಕೂರಿಸಿಕೊಂಡು ಹೊರಟಳು.

ರೈಲು ಹಳಿಯಿಂದಾಚೆ ಕೊಯ್ಲಾದ ರಾಗಿಹೊಲ. ಸುತ್ತ ಒಂದು ನರಪಿಳ್ಳೆಯೂ ಇಲ್ಲ. ತಾಜುನ್ನೀಸಾ ರೇವಮ್ಮನ ಕಿವಿಗೆ ಬಾಯಿಟ್ಟು ಗಂಟಲು ಹರಿಯುವಂತೆ ಕೂಗಿದಳು.

"ರೇವಕ್ಕಾ! ನಿಮ್ ಪಕ್ಕದ್ಮನೆ ವನಜಮ್ಮ ಗಂಡನ್ ಜೊತೆ ಮಾತ್ ಬಿಟ್ಟವ್ಳಂತೆ! ಊಟ ರೆಡಿ ಅಂತ ಎಮ್ಮೆಗ್ ಹೇಳ್ತಾಳಂತೆ! ಅವ್ನು ಕೇಳಿಸ್ಕೊಂಡು ಬಂದ್ ಉಣ್ತಾನಂತೆ!"

ರೇವಮ್ಮ ನಕ್ಕಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ನಗು ನಿಂತ ಮೇಲೂ ಅದು ನಿಲ್ಲಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, ಆ ಖಾಲಿ ಹೊಲವನ್ನು ಒಮ್ಮೆ ಸುತ್ತ ನೋಡಿ, ಗೆಳತಿಯ ತೋಳು ಹಿಡಿದಳು.

"ಮೆಲ್ಲುಗ್ ಹೇಳೇ ತಾಜು" ಎಂದಳು, "ಯಾರಾದ್ರೂ ಕೇಳಿಸ್ಕೊಂಡಾರು."