ಚಹಾಪುಡಿ ಡಬ್ಬಿಯ ಸ್ವಿಚ್ಚು

ಕಮಲಾಪುರದ ದೊಡ್ಡವ್ವ ಚಹಾಪುಡಿ ಡಬ್ಬಿ ತೆಗೆದಾಗ ನಾನು ಕೂತಲ್ಲಿಂದ ಎದ್ದೇಬಿಟ್ಟೆ. ಮುಚ್ಚಳಕ್ಕೆ ಹಿಡಿಕೆಯಾಗಿ ಕೂತಿದ್ದು, ಕಲಬುರಗಿಯ ಅಂಗಡಿಗಳನ್ನೆಲ್ಲ ಸುತ್ತಿದರೂ ನನಗೆ ಸಿಗದ ಸ್ವಿಚ್ಚು! ನಂದೂರಿನಲ್ಲಿ ನಾನು ನೋಡಿಕೊಳ್ಳುವ ಬೇಳೆ ಮಿಲ್ಲಿನ ಹಳೇ ಪ್ಯಾನಲ್ಲು ಅದಿಲ್ಲದೆ ನಿಂತುಹೋಗಿತ್ತು. ಮುಚ್ಚಳದ ಹಿಡಿಕೆ ಮುರಿದಾಗ, ಮೆಕ್ಯಾನಿಕ್ ಆಗಿದ್ದ ದೊಡ್ಡಪ್ಪ ಅದನ್ನು ಕೂರಿಸಿದ್ದರಂತೆ. ಅವರೀಗ ಇಲ್ಲ.

ಡಬ್ಬಿ ಮುಚ್ಚಿದ ದೊಡ್ಡವ್ವ ಸ್ವಿಚ್ಚನ್ನು ಟಕ್ಕೆಂದು ಬಂದ್ ಮಾಡಿದಳು. "ಚಾಲೂ ಬಿಟ್ರ ಪುಡಿ ಲಗೂ ಖಾಲಿ ಆಗ್ತದ ಅಂತಿದ್ರು ನಿಮ್ಮ ದೊಡ್ಡಪ್ಪ," ಎಂದು ನಕ್ಕಳು.

ಹಿಂಜರಿಯುತ್ತಲೇ ಮಿಲ್ಲಿನ ವಿಷಯ ಹೇಳಿದೆ. ಮುಚ್ಚಳವನ್ನು ಒಮ್ಮೆ ಸವರಿ ನನ್ನ ಕೈಗಿಟ್ಟಳು. "ಬಿಚ್ಚಿಕೊಂಡು ಹೋಗಪ್ಪ. ಇಲ್ಲಿ ಸುಮ್ನ ಕುಂತದ, ಅಲ್ಲರ ಖರೇನೇ ಚಾಲೂ ಆಗ್ಲಿ."

ಮರುದಿನ ಮಿಲ್ಲು ಶುರುವಾಯಿತು. ಸಂಜೆ ಆ ಸ್ವಿಚ್ಚು ಬಂದ್ ಮಾಡಿದ ಬೆರಳಿಗೆ ಇನ್ನೂ ಚಹಾಪುಡಿಯ ವಾಸನೆ ಇತ್ತು.