ಸೊಟ್ಟ ಹೆಬ್ಬೆರಳಿನ ಬೋರ್ಡು

ನಮ್ಮ ಪಶ್ಚಿಮ ಜಟ್ಲೆಂಡಿನ ಕಡಲತೀರದಲ್ಲಿ ಬಾಯಿ ತೆರೆದರೆ ಗಾಳಿಯ ಜೊತೆ ಮರಳೂ ಒಳಗೆ ಹೋಗುತ್ತದೆ. ಅದಕ್ಕೋ ಏನೋ, ಇನ್ನೊಬ್ಬರನ್ನು ಹೊಗಳಲು ಇಲ್ಲಿ ಯಾರೂ ಸುಲಭಕ್ಕೆ ಬಾಯಿ ತೆರೆಯುವುದಿಲ್ಲ. ಊಟ ಅಮೃತದಂತಿದ್ದರೆ 'ತಿನ್ನಬಹುದು' ಎನ್ನುತ್ತೇವೆ. ಮನಸ್ಸು ತುಂಬಿಬಂದರೆ 'ಅಷ್ಟೇನೂ ಕೆಟ್ಟದಾಗಿಲ್ಲ' ಎನ್ನುತ್ತೇವೆ. ಅದಕ್ಕಿಂತ ದೊಡ್ಡ ಬಿರುದು ನಮ್ಮಲ್ಲಿಲ್ಲ. 'ಬಹಳ ಸುಂದರವಾಗಿದೆ' ಎಂಬ ಮಾತೂ ಇದೆ, ಇಲ್ಲವೆಂದಲ್ಲ. ಅದನ್ನು ನೆಂಟರು ಉಡುಗೊರೆ ಕೊಟ್ಟ ಕಿಟಕಿ ಪರದೆಗೆ, ಪಕ್ಕದ ಮನೆಯ ಕುರೂಪಿ ನಾಯಿಗೆ ಎಂದು ತೆಗೆದಿಟ್ಟಿದ್ದೇವೆ.

ತೋರಾ ನ್ಯುಗೋರ್ ಇದೇ ಗಾಳಿಯಲ್ಲಿ ಬೆಳೆದವಳು. ಶಾಲೆಯ ಅಡುಗೆಮನೆಯಲ್ಲಿ ದುಡಿದು, ಮಿಕ್ಕ ಹೊತ್ತಿನಲ್ಲಿ ಖಾಲಿಬಿದ್ದ ಹಂದಿ ಕೊಟ್ಟಿಗೆಯಲ್ಲಿ ಕೂತು ಮಣ್ಣಿನ ಹೂಜಿ ಮಾಡುತ್ತಿದ್ದಳು. ಹಂದಿಗಳು ಹೋಗಿದ್ದವು, ವಾಸನೆ ಮಾತ್ರ ಹೋಗಿರಲಿಲ್ಲ. ಹೂಜಿಗೆ ಹಿಡಿಕೆ ಅಂಟಿಸಿದ ಮೇಲೆ ಆ ಹಿಡಿಕೆಯ ಬುಡದಲ್ಲಿ ಹೆಬ್ಬೆರಳು ಒತ್ತಿ ಒಂದು ಗುಳಿ ಮಾಡುವುದು ಅವಳ ರೂಢಿ. ಆ ಬೆರಳು ಚಿಕ್ಕಂದಿನಲ್ಲಿ ಹುಲ್ಲು ಕಟ್ಟುವ ಯಂತ್ರಕ್ಕೆ ಸಿಕ್ಕಿ ಸೊಟ್ಟಗಾಗಿತ್ತು. ಜನರೆದುರು ಅದನ್ನು ಅಂಗೈಯೊಳಗೆ ಮಡಚಿಕೊಂಡೇ ನಿಲ್ಲುತ್ತಿದ್ದಳು.

ಅವಳ ಹೂಜಿಗಳು ಯಾರ್ಯಾರದೋ ಅಂಗಡಿಯಲ್ಲಿ, ಯಾರ್ಯಾರದೋ ಹೆಸರಿನ ಕೆಳಗೆ ಮಾರಾಟವಾಗುತ್ತಿದ್ದವು. ಅಡುಗೆಮನೆ ಕೆಲಸ ಬಿಟ್ಟ ಮೇಲೆ ಅವಳಿಗೆ ಬೇಕೆನಿಸಿದ್ದು ಒಂದೇ: ಕೊಟ್ಟಿಗೆಯ ಬಾಗಿಲ ಮೇಲೆ ತನ್ನದೇ ಒಂದು ಬೋರ್ಡು. ನೋಡಿದವರು ಇದು ತೋರಾಳದ್ದು ಎನ್ನಬೇಕು, ಅಷ್ಟೇ. ಆ ಆಸೆಯನ್ನು ಗಂಡ ಐವಿನ್‌ಗೂ ಸರಿಯಾಗಿ ಹೇಳಿರಲಿಲ್ಲ.

ಬೋರ್ಡಿನ ಕೆಲಸ ತಂಗಿಯ ಮಗಳು ಸಿಲ್ಯೆಯ ಪಾಲಿಗೆ ಬಂತು. ಸಣ್ಣ ಅಂಗಡಿಗಳಿಗೆ ಗುರುತು, ಬಣ್ಣ, ಅಕ್ಷರ ಮಾಡಿಕೊಡುವುದೇ ಅವಳ ಉದ್ಯೋಗ. ಹುಟ್ಟಿ ಬೆಳೆದದ್ದು ರಾಜಧಾನಿ ಕೋಪನ್‌ಹೇಗನ್ನಿನಲ್ಲಿ. ಅಲ್ಲಿಯವರು ಒಂದು ಲೋಟ ನೀರು ಕೊಟ್ಟರೂ 'ಅದ್ಭುತ' ಎನ್ನುವ ಪೈಕಿ.

ಹುಡುಗಿ ಕೊಟ್ಟಿಗೆಯಲ್ಲಿ ಒಂದು ದಿನವೆಲ್ಲ ಕೂತು ನೋಡಿದಳು. ಆಮೇಲೆ ಊಟದ ಮೇಜಿನ ಮೇಲೆ ಒಂದು ಚಿತ್ರ ಇಟ್ಟಳು. ಗಾಢ ನೀಲಿಯಲ್ಲಿ ಒಂದು ಸೊಟ್ಟ ಹೆಬ್ಬೆರಳಿನ ಗುರುತು, ಕೆಳಗೆ ದಪ್ಪಕ್ಷರದಲ್ಲಿ 'ತೋರಾ'.

"ಹೇಗಿದೆ ದೊಡ್ಡಮ್ಮ?"

ತೋರಾ ಚಿತ್ರವನ್ನು ಹತ್ತಿರಕ್ಕೆ ಎಳೆದುಕೊಂಡಳು. ಮುಚ್ಚಿಟ್ಟುಕೊಂಡಿದ್ದ ಬೆರಳನ್ನು ಈ ಹುಡುಗಿ ಬಾಗಿಲ ಮೇಲೆ ಕೂರಿಸಿದ್ದಾಳೆ! "ಅಷ್ಟೇನೂ ಕೆಟ್ಟದಾಗಿಲ್ಲ," ಎಂದಳು. ಅದೂ ಸಾಲದೆನಿಸಿ, "ಇಲ್ಲ ಕಣೇ, ನಿಜವಾಗ್ಲೂ ಕೆಟ್ಟದಾಗೇನಿಲ್ಲ," ಎಂದಳು. ಕಣ್ಣು ತುಂಬಿದ್ದನ್ನು ಯಾರೂ ನೋಡಬಾರದೆಂದು "ಕೋಳಿ ನೋಡ್ಕೊಂಡು ಬರ್ತೀನಿ," ಎಂದು ಎದ್ದುಹೋದಳು. ಕೋಳಿಗೂಡಿನ ಪಕ್ಕದಲ್ಲಿ ನಿಂತು ಮನಸಾರೆ ಅತ್ತಳು.

ಸಿಲ್ಯೆಯ ಮುಖ ಸಪ್ಪಗಾಯಿತು. ಐವಿನ್ ರೊಟ್ಟಿಗೆ ಬೆಣ್ಣೆ ಹಚ್ಚುತ್ತಾ, "ನಮ್ಮ ಮದುವೇಲೂ ಅವಳು ಇಷ್ಟೊಂದು ಹೇಳಿರ್ಲಿಲ್ಲ," ಎಂದ. ಪುಣ್ಯಾತ್ಮ ಸಮಾಧಾನ ಹೇಳಿದ್ದು. ಹುಡುಗಿಗೆ ಅದು ಗಾಯದ ಮೇಲೆ ಉಪ್ಪು ಸುರಿದಂತಾಯಿತು.

ಅವಳು ಊರಿಗೆ ಹೋಗಿ ಬೇರೆಯದು ಬರೆದು ಕಳಿಸಿದಳು: ಫ್ಯೋರ್ಡ್ ಎಂಬ ನಮ್ಮ ಕಡಲ ಹಿನ್ನೀರಿನ ಅಲೆ. ತೋರಾ ಫೋನಿನಲ್ಲಿ "ಚೆನ್ನಾಗಿದೆ" ಎಂದಳು. ಒಳಗೊಳಗೇ ಕುಗ್ಗಿದಳು. ಕಲಿತ ಹುಡುಗಿ ತಾನಾಗಿಯೇ ಬೆರಳನ್ನು ಕೈಬಿಟ್ಟಳೆಂದರೆ, ಕೊನೆಗೆ ಅವಳ ಕಣ್ಣಿಗೂ ಅದು ಅಸಹ್ಯವಾಗಿಯೇ ಕಂಡಿರಬೇಕು. ಹಾಗಿದ್ದ ಮೇಲೆ ಕೇಳುವುದು ಹೇಗೆ?

ಮೂರನೆಯದು ಬೂದು ಬಣ್ಣದ ಮೇಲೆ ಕೂದಲೆಳೆಯಂಥ ಅಕ್ಷರ: 'ಸ್ಟುಡಿಯೋ ತೋರಾ'. ಇದರಲ್ಲಿ ತನ್ನದೇನಿದೆ ಎಂದು ತೋರಾ ಹುಡುಕಿದಳು. "ಬಹಳ ಸುಂದರವಾಗಿದೆ," ಎಂದಳು.

ಸಿಲ್ಯೆ ಫೋನಿನ ಆ ಕಡೆಯಿಂದ ಖುಷಿಗೆ ಕಿರುಚಿದಳು. "ಅಂತೂ ಒಪ್ಕೊಂಡ್ರಲ್ಲ ದೊಡ್ಡಮ್ಮ!" ಅಂದೇ ಬೋರ್ಡು ಮಾಡಲು ಕೊಟ್ಟಳು.

ಅಂಗಡಿ ತೆರೆಯುವ ದಿನ ಐವಿನ್ ನಮ್ಮ ರೂಢಿಯಂತೆ ಅಂಗಳದಲ್ಲಿ ಬಾವುಟ ಏರಿಸಿದ. ಕಾಫಿ, ಬನ್ನು, ಕೇಕು ಎಲ್ಲ ಸಿದ್ಧವಾಯಿತು. ಊರವರು ಬಂದರು, ಬೋರ್ಡಿನ ಕೆಳಗೆ ನಿಂತರು, ಕತ್ತೆತ್ತಿದರು.

"ಬಹಳ ಸುಂದರವಾಗಿದೆ," ಎಂದ ಪಕ್ಕದ ಹೊಲದ ಕ್ರೆಸ್ಟನ್.

"ತುಂಬಾ ತುಂಬಾ ಸುಂದರ," ಎಂದಳು ಅವನ ಹೆಂಡತಿ.

ಸಿಲ್ಯೆಯ ಮುಖ ಅರಳಿದಷ್ಟೂ ತೋರಾಳ ಮುಖ ಬಾಡುತ್ತಿತ್ತು. ಕ್ರೆಸ್ಟನ್ ಐವಿನ್‌ನನ್ನು ಪಕ್ಕಕ್ಕೆ ಕರೆದು, "ಕೊಟ್ಟಿಗೇನ ಹಲ್ಲಿನ ಡಾಕ್ಟರಿಗೇನಾದ್ರೂ ಬಾಡಿಗೆಗೆ ಕೊಟ್ಯೇನಯ್ಯಾ?" ಎಂದು ಕೇಳಿದ. ಆಮೇಲೆ ಒಳಗೆ ಹೋಗಿ ಒಂದು ಹೂಜಿ ಎತ್ತಿ, ತಿರುಗಿಸಿ, ಹಿಡಿಕೆಯ ಗುಳಿಯಲ್ಲಿ ತನ್ನ ಹೆಬ್ಬೆರಳು ಇಟ್ಟು ನೋಡಿದ.

"ಇದು... ಅಷ್ಟೇನೂ ಕೆಟ್ಟದಾಗಿಲ್ಲ ತೋರಾ."

ತೋರಾ ಕಿವಿಯವರೆಗೂ ಕೆಂಪಾದಳು. ಅವನ ತಟ್ಟೆಗೆ ಕೇಳದೆಯೇ ಇನ್ನೊಂದು ದೊಡ್ಡ ತುಂಡು ಕೇಕು ಹಾಕಿದಳು. ಸಿಲ್ಯೆ ಕಾಫಿ ಬಗ್ಗಿಸುತ್ತಿದ್ದವಳು ಹಾಗೇ ನಿಂತುಬಿಟ್ಟಳು. ಕಾಫಿ ತುಂಬಿ ಬಸಿಗೆ ಚೆಲ್ಲಿತು.

"ದೊಡ್ಡಮ್ಮ, ನನ್ನ ಮೊದಲನೇ ಚಿತ್ರ... ಆ ಬೆರಳು..."

"ಹೇಳಿದ್ನಲ್ಲೇ, ಕೆಟ್ಟದಾಗಿಲ್ಲ ಅಂತ! ಒಂದಲ್ಲ, ಎರಡು ಸಲ ಹೇಳಿದೆ! ಇನ್ನೇನು ಛಾವಣಿ ಹತ್ತಿ ಕೂಗಬೇಕಿತ್ತಾ?"

"ಮತ್ತೆ ಇದು ಬಹಳ ಸುಂದರವಾಗಿದೆ ಅಂದ್ರಲ್ಲ?"

"ಮರ್ಯಾದೆ ಅನ್ನೋದು ಬೇಡ್ವೇನೇ?" ಎಂದಳು ತೋರಾ. ಆಮೇಲೆ ದನಿ ತಗ್ಗಿಸಿ, "ನಿಂಗೇ ನನ್ನ ಬೆರಳು ಬೇಡ ಅನ್ನಿಸ್ತು ಅಂದ್ಕೊಂಡೆ," ಎಂದಳು.

ಸಿಲ್ಯೆ ಅವಳ ಕೈ ಹಿಡಿದು, ಮಡಚಿದ್ದ ಬೆರಳನ್ನು ಎಲ್ಲರೆದುರೇ ಬಿಡಿಸಿದಳು. ಅಷ್ಟರಲ್ಲಿ ಐವಿನ್ ಏಣಿ, ಸ್ಕ್ರೂಡ್ರೈವರು ತಂದಿದ್ದ. ಬೋರ್ಡು ಕೆಳಗಿಳಿಯಿತು, ಮಗುಚಿಕೊಂಡಿತು. ಹಿಂಬದಿಯಲ್ಲಿ ಬರೀ ಮರ. ಬಾಗಿಲಿಗೆ ಬಳಿದು ಮಿಕ್ಕಿದ್ದ ನೀಲಿ ಬಣ್ಣದಲ್ಲಿ ಸಿಲ್ಯೆ ಮೊದಲಿನ ಬೆರಳನ್ನೇ ದೊಡ್ಡದಾಗಿ ಬರೆದಳು. ಹೆಸರನ್ನು ತೋರಾಳ ಕೈಯಲ್ಲೇ ಬರೆಸಿದಳು. ಅಕ್ಷರ ಸ್ವಲ್ಪ ಓರೆಯಾಯಿತು.

ಬೋರ್ಡು ಮತ್ತೆ ಮೇಲೇರಿತು. ಕ್ರೆಸ್ಟನ್ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ.

"ಇದಕ್ಕಿಂತ ಕೆಟ್ಟದ್ದನ್ನ ಎಷ್ಟೋ ನೋಡಿದೀನಪ್ಪ," ಎಂದ. ಜನರೆಲ್ಲ ಹೂಂಗುಟ್ಟಿದರು.

ತೋರಾ ಮನೆಯ ಹಿಂದಿನ ಕೋಳಿಗೂಡಿನ ಕಡೆ ನಡೆದಳು. ಸಿಲ್ಯೆ ಕಾಫಿ ಕೆಟಲನ್ನು ಐವಿನ್‌ನ ಕೈಗೆ ಕೊಟ್ಟು, ಮೂಗು ಒರೆಸಿಕೊಂಡು, "ನಾನೂ ಸ್ವಲ್ಪ ಕೋಳಿ ನೋಡ್ಕೊಂಡು ಬರ್ತೀನಿ," ಎಂದಳು.